ನಮ್ದೇ ಮತ್ತು ನಮ್ದು

ಕನ್ನಡದಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಅತಿ ಹೆಚ್ಚು ಜನ ಬಾಯಿಪಾಠ ಮಾಡಿರುವ ಸಾಲು ಯಾವ ಕವಿಯದೂ ಅಲ್ಲ. ‘ಈ ಸಲ ಕಪ್ ನಮ್ದೇ.’ ಕನ್ನಡ ಬಾರದ ದಕ್ಷಿಣ ಆಫ್ರಿಕಾದವರೂ ಅದನ್ನು ಹೇಳಲು ಹೋಗಿ, ‘ನಮ್ದೇ’ ಎನ್ನುವಲ್ಲಿ ‘ನಹಿ’ ಎಂದು ತೊದಲಿ ನಮ್ಮನ್ನು ನಗಿಸಿದ್ದಾರೆ. ಇಷ್ಟು ಜನ ಹೇಳುವ ಸಾಲನ್ನು ಒಮ್ಮೆಯಾದರೂ ಒಂದು ಕೃತಿಯಂತೆ ಕೂತು ಓದಬೇಕಲ್ಲವೇ? ಓದೋಣ.

ನಾಲ್ಕೇ ಪದ. ಕ್ರಿಯಾಪದವಿಲ್ಲ. ಗೆಲ್ಲುತ್ತೇವೆ, ತರುತ್ತೇವೆ, ಆಡುತ್ತೇವೆ ಎಂಬ ಯಾವ ಕೆಲಸದ ಮಾತೂ ಇಲ್ಲ. ಬರೀ ಒಡೆತನದ ಘೋಷಣೆ. ‘ಈ ಸಲ’ ಎಂದ ಕೂಡಲೇ ಹಿಂದಿನ ಸಲಗಳೆಲ್ಲ ಬೆನ್ನಹಿಂದೆ ಬಂದು ನಿಲ್ಲುತ್ತವೆ. ಒಂದು ಸಲವೂ ಸೋಲದವನು ‘ಈ ಸಲ’ ಎನ್ನುವುದಿಲ್ಲ. ಕೊನೆಗೆ ‘ನಮ್ದೇ’. ವ್ಯಾಕರಣದ ಮೇಷ್ಟ್ರು ಇದನ್ನು ಅವಧಾರಣೆ ಎಂದು ಹೇಳಿಕೊಟ್ಟಿದ್ದರು. ನಮ್ಮದು ಎಂದರೆ ಸಾಕಿದ್ದ ಕಡೆ ‘ಏ’ ಸೇರಿಸಿ ಒತ್ತಿ ಹೇಳುವುದು. ಒತ್ತಿ ಹೇಳುವ ಅಗತ್ಯ ಯಾವಾಗ ಬೀಳುತ್ತದೆ? ಎದುರಿಗಿರುವವನಿಗೆ ಅನುಮಾನವಿದ್ದಾಗ. ಅಥವಾ ನಮಗೇ ಇದ್ದಾಗ.

ನಮಗೆ ಅನುಮಾನ ಬರಲು ಕಾರಣಗಳಿದ್ದವು. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದದ್ದು ನಮ್ಮ ಚಿನ್ನಸ್ವಾಮಿಯಲ್ಲಿ. ಕೋಲ್ಕತ್ತಾದ ಬ್ರೆಂಡನ್ ಮೆಕಲಮ್ ಒಬ್ಬರೇ 158 ಹೊಡೆದರು. ನಮ್ಮವರು ಹನ್ನೊಂದು ಜನ ಸೇರಿ 82. ಮನೆಯಲ್ಲಿ ಟೀವಿ ಮುಂದೆ ಕೂತಿದ್ದ ಅಪ್ಪ, ‘ಪಾಪ ದ್ರಾವಿಡ್’ ಎಂದು ಎದ್ದು ಹೋದರು. 2009ರ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ತಂಡ 6 ರನ್ನಿನಿಂದ ಸೋತಿತು. 2011ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. 2016ರಲ್ಲಿ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಗಳಿಸಿದರು, ಫೈನಲ್ ನಮ್ಮೂರಲ್ಲೇ ಇತ್ತು, ಸೋತದ್ದು 8 ರನ್ನಿನಿಂದ. ಮರುವರ್ಷ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್.

ಇಷ್ಟಾದ ಮೇಲೆ ಆ ಸಾಲಿನ ಅರ್ಥ ಬದಲಾಯಿತು. ಮೊದಲು ಅದರಲ್ಲಿ ಜಂಬವಿತ್ತು. ಆಮೇಲೆ ಚೆನ್ನೈನವರು, ಮುಂಬೈನವರು ಅದನ್ನೇ ನಮ್ಮ ಮೇಲೆ ತಿರುಗಿಸಿ ಗೇಲಿ ಮಾಡಿದರು. ಕೊನೆಗೆ ಅವರಿಗಿಂತ ಮುಂಚೆ ನಾವೇ ಗೇಲಿ ಮಾಡಿಕೊಳ್ಳತೊಡಗಿದೆವು. ಆಫೀಸಿನಲ್ಲಿ ಸಂಬಳ ಹೆಚ್ಚಾಗುತ್ತಾ ಎಂದರೆ ‘ಈ ಸಲ ಕಪ್ ನಮ್ದೇ’, ರಸ್ತೆ ಗುಂಡಿ ಮುಚ್ಚುತ್ತಾರಾ ಎಂದರೆ ‘ಈ ಸಲ ಕಪ್ ನಮ್ದೇ’. ಆಗದ ಕೆಲಸಕ್ಕೆಲ್ಲ ಇದೇ ಉತ್ತರ. ಜಂಬದ ಸಾಲೊಂದು ತನ್ನನ್ನೇ ನಗುವ ಸಾಲಾಗಿ ಬೆಳೆದದ್ದು ಸಣ್ಣ ಸಂಗತಿಯಲ್ಲ. ಸೋಲು ನಮಗೆ ಕಲಿಸಿದ ಒಳ್ಳೆಯ ಕನ್ನಡ ಅದು. ಅಷ್ಟರಮಟ್ಟಿಗೆ ಆ ಸಾಲಿಗೆ ನನ್ನ ಮೆಚ್ಚುಗೆ ಇದೆ.

ತಕರಾರು ಇರುವುದು ಇನ್ನೊಂದು ಕಡೆ. ಸೋತರೂ ಬಿಡದವರು, ನಿಯತ್ತಿನ ಅಭಿಮಾನಿಗಳು ಎಂದು ನಮಗೆ ನಾವೇ ಕೊಟ್ಟುಕೊಂಡ ಬಿರುದು ಇದೆಯಲ್ಲ, ಅದನ್ನು ಸ್ವಲ್ಪ ಪರೀಕ್ಷೆ ಮಾಡಬೇಕು. ಊರಿನ ಸೋಲುವ ತಂಡ ಅದೊಂದೇ ಆಗಿರಲಿಲ್ಲ. 2024ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯಗಳಲ್ಲಿ ಎರಡೇ ಎರಡು ಗೆದ್ದು, ಹನ್ನೆರಡು ತಂಡಗಳಲ್ಲಿ ಕೊನೆಯದಾಗಿ ನಿಂತಿತು. ಆ ವರ್ಷದ ಪಂದ್ಯಗಳೆಲ್ಲ ನಡೆದದ್ದು ಹೈದರಾಬಾದ್, ನೊಯ್ಡಾ, ಪುಣೆಗಳಲ್ಲಿ. ಬೆಂಗಳೂರಿನ ಹೆಸರು ಹೊತ್ತ ತಂಡ ಬೆಂಗಳೂರಿನಲ್ಲಿ ಒಂದು ದಿನವೂ ತೊಡೆ ತಟ್ಟದೆ ಆ ಋತು ಮುಗಿಸಿತು. ಯಾರಾದರೂ ಅತ್ತರಾ? ನಾನಂತೂ ಅಳಲಿಲ್ಲ, ಪಟ್ಟಿಯ ತಳದಲ್ಲಿರುವುದು ಗೊತ್ತಾದದ್ದೇ ಎಲ್ಲ ಮುಗಿದ ಮೇಲೆ.

ಇನ್ನು ರಣಜಿ. 1974ರಲ್ಲಿ ಅಪ್ಪನಿಗೆ ಇಪ್ಪತ್ತು ವರ್ಷ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಕೆಲವೇ ತಿಂಗಳಾಗಿತ್ತು. ಸತತ ಹದಿನೈದು ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ನಮ್ಮವರು ತಡೆದರು. ಗವಾಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದ್ದನ್ನು ಅಪ್ಪ ಇವತ್ತಿಗೂ ಬಲಗೈ ತಿರುಗಿಸಿ ತೋರಿಸುತ್ತಾರೆ. ಅವರು ಯಾವತ್ತೂ ‘ನಮ್ದೇ’ ಎಂದವರಲ್ಲ. ಅವರದು ಬೇರೆ ಮಾತು: ‘ನಮ್ಮ ಹುಡುಗ್ರು.’ ನಮ್ಮ ಹುಡುಗ್ರು ಆಡಿದ್ರು, ನಮ್ಮ ಹುಡುಗ್ರು ಕೈಬಿಟ್ರು. ತಮಗಿಂತ ದೊಡ್ಡವರಾದ ಪ್ರಸನ್ನರೂ ಅವರ ಲೆಕ್ಕದಲ್ಲಿ ನಮ್ಮ ಹುಡುಗ್ರೇ.

2025ರ ಜನವರಿಯಲ್ಲಿ ಅಪ್ಪನನ್ನೂ ಅಕ್ಕನ ಮಗನನ್ನೂ ಕರೆದುಕೊಂಡು ಚಿನ್ನಸ್ವಾಮಿಗೆ ಹೋಗಿದ್ದೆ. ಕರ್ನಾಟಕಕ್ಕೆ ಪಂಜಾಬ್ ಎದುರಾಳಿ. ನಿಜ ಹೇಳುತ್ತೇನೆ, ನಾವು ಹೋದದ್ದು ಶುಭಮನ್ ಗಿಲ್ ಬಂದಿದ್ದಾರೆ ಎಂದು. ಗಿಲ್ 4 ರನ್ನಿಗೆ ಔಟಾದರು, ಪಂಜಾಬ್ 55ಕ್ಕೆ ಮುಗಿಯಿತು. ಸಂಜೆ ಆರ್. ಸ್ಮರಣ್ ಎಂಬ ಹುಡುಗ ಆಡುತ್ತಿರುವಾಗಲೇ ನಾವಿಬ್ಬರು ಟ್ರಾಫಿಕ್ ನೆಪ ಹೇಳಿ ಅಪ್ಪನನ್ನು ಎಬ್ಬಿಸಿದೆವು. ಮರುದಿನ ಆತ ದ್ವಿಶತಕ ಹೊಡೆದ. ಕರ್ನಾಟಕ ಇನಿಂಗ್ಸ್ ಅಂತರದಿಂದ ಗೆದ್ದೂ ಆ ಋತುವಿನಲ್ಲಿ ನಾಕೌಟ್ ತಲುಪಲಿಲ್ಲ. 2014-15ರ ನಂತರ ರಣಜಿ ಕಪ್ ನಮ್ಮ ರಾಜ್ಯಕ್ಕೆ ಬರದ ಇನ್ನೊಂದು ವರ್ಷ ಅದು. ಆದರೆ ಅದಕ್ಕೆ ನಮ್ಮಲ್ಲಿ ಯಾವ ಘೋಷಣೆಯೂ ಇರಲಿಲ್ಲ, ಗೇಲಿಯೂ ಇರಲಿಲ್ಲ. ಕೆಲವೇ ತಿಂಗಳಲ್ಲಿ ಸ್ಮರಣ್‌ನನ್ನು ಐಪಿಎಲ್‌ಗೆ ಸೇರಿಸಿಕೊಂಡದ್ದು ಹೈದರಾಬಾದ್.

ಆ 2014-15ರ ಫೈನಲ್ ನೆನಪಿದೆಯೇ? ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188. ಹತ್ತು ವರ್ಷ ಕಳೆದು 2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್ ಬಂದಾಗ ಕರುಣ್ ಕರ್ನಾಟಕದ ಎದುರಾಳಿ ವಿದರ್ಭದ ನಾಯಕ. ಕಪ್ ಗೆದ್ದದ್ದು ಕರ್ನಾಟಕ. ಖುಷಿಪಡಬೇಕೋ ಬೇಡವೋ ತಿಳಿಯದೆ ಅಪ್ಪ ಟೀವಿ ಮುಂದೆ ಸುಮ್ಮನೆ ಕೂತಿದ್ದರು.

ಆಮೇಲೆ ಏಪ್ರಿಲ್ 10. ದೆಹಲಿಯ ಅಂಗಿ ತೊಟ್ಟ ರಾಹುಲ್ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು ನಮ್ಮನ್ನು ಸೋಲಿಸಿದರು. ಗೆಲುವಿನ ಹೊಡೆತ ಮುಗಿದದ್ದೇ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಗೀಚಿ, ಅದರೊಳಗೆ ಬ್ಯಾಟ್ ಊರಿದರು. ‘ಕಾಂತಾರ’ ಸಿನಿಮಾ ನೆನಪಾಗಿ ಹಾಗೆ ಮಾಡಿದ್ದು, ಇದು ತಾನು ಬೆಳೆದ ಮೈದಾನ ಎಂದು ಆಮೇಲೆ ಹೇಳಿದರು. ನಮ್ಮ ಗ್ಯಾಲರಿಯಲ್ಲಿ ಕೆಲವರಿಗೆ ಸಿಟ್ಟು ಬಂತು. ನನಗೆ ಸಂಕೋಚವಾಯಿತು. ಯಾಕೆಂದರೆ ಅಂದು ಆ ಮೈದಾನದಲ್ಲಿ ‘ನಮ್ದೇ’ ಎನ್ನುವ ಹಕ್ಕು ಅತಿ ಹೆಚ್ಚು ಇದ್ದವನು ಎದುರಾಳಿ ತಂಡದಲ್ಲಿದ್ದ. ಫ್ರಾಂಚೈಸಿ ಎಂದರೆ ಹರಾಜು, ಹರಾಜಿನಲ್ಲಿ ಊರು ನೋಡುವುದಿಲ್ಲ, ಅದರಲ್ಲಿ ಯಾರ ತಪ್ಪೂ ಇಲ್ಲ. ತಪ್ಪು ಏನಿದ್ದರೂ ಹರಾಜಿನ ಸರಕನ್ನು ನೆಂಟಸ್ತನ ಎಂದುಕೊಂಡು, ನಿಜವಾದ ನೆಂಟರು ಆಡುವಾಗ ಟ್ರಾಫಿಕ್ ನೆಪ ಹೇಳಿದ ನನ್ನಂಥವರದು.

ಗೆಲುವಿನ ವಿಷಯಕ್ಕೆ ಬರೋಣ. ಮೊದಲು ಗೆದ್ದವರು ಹೆಣ್ಣುಮಕ್ಕಳು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ, ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಪಡೆದ ಫೈನಲ್ ಅದು. ಕಪ್ ಹಿಡಿದ ನಾಯಕಿ ಸ್ಮೃತಿ ಮಂಧಾನ ಆ ಹಳೆಯ ಸಾಲನ್ನು ತಿದ್ದಿ ಹೇಳಿದರು: ‘ಈ ಸಲ ಕಪ್ ನಮ್ದು.’ ಕನ್ನಡ ಮನೆಮಾತಲ್ಲದ ಆಕೆ ‘ಏ’ ಕಿತ್ತು ‘ಉ’ ಇಟ್ಟರು. ಕೈಯಲ್ಲಿ ಕಪ್ ಇರುವಾಗ ಒತ್ತಿ ಹೇಳಬೇಕಿಲ್ಲವಲ್ಲ. ಆ ಸಾಲಿನ ಮೇಲೆ ಬಂದ ಅತ್ಯುತ್ತಮ ವಿಮರ್ಶೆ ಅದೇ ಎಂದು ನನ್ನ ಅಭಿಪ್ರಾಯ.

2025ರ ಜೂನ್ 3ರಂದು ಗಂಡಸರೂ ಗೆದ್ದರು. ಅಹಮದಾಬಾದಿನಲ್ಲಿ, ಪಂಜಾಬ್ ಎದುರು, 6 ರನ್ನಿನಿಂದ. 2009ರಲ್ಲಿ ಸೋತದ್ದೂ ಆರೇ ರನ್ನಿನಿಂದ. ನಮ್ಮ ತಂಡದ ಪರವಾಗಿ ಕಣದಲ್ಲಿದ್ದ ಕರ್ನಾಟಕದ ಆಟಗಾರ ಮಯಂಕ್ ಅಗರ್ವಾಲ್ ಒಬ್ಬರೇ, ಅವರೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಜಾಗಕ್ಕೆ ನಡುವೆ ಬಂದವರು. ಹಾಗಂತ ಆ ರಾತ್ರಿ ನಾನು ಲೆಕ್ಕ ಹಾಕುತ್ತ ಕೂತಿರಲಿಲ್ಲ. ಕುಣಿದೆ. ಪಕ್ಕದ ಬೀದಿಯ ಪಟಾಕಿ ಬೆಳಗಿನ ಜಾವದವರೆಗೂ ನಿಲ್ಲಲಿಲ್ಲ. ಹದಿನೆಂಟು ವರ್ಷದ ಗೇಲಿ ಒಂದು ರಾತ್ರಿಯಲ್ಲಿ ತೊಳೆದುಹೋದಂತೆ ಅನ್ನಿಸಿತು.

ಮರುದಿನ ಮಧ್ಯಾಹ್ನ ಅಕ್ಕನ ಮಗ ಕಾಲೇಜಿನ ಗೆಳೆಯರ ಜತೆ ಚಿನ್ನಸ್ವಾಮಿ ಕಡೆ ಹೊರಟ. ಐದು ಗಂಟೆಯ ಹೊತ್ತಿಗೆ ಟೀವಿಯಲ್ಲಿ ಬೇರೆ ಸುದ್ದಿ ಬರತೊಡಗಿತು. ಅವನ ಫೋನ್ ಹತ್ತುತ್ತಿರಲಿಲ್ಲ. ಅಕ್ಕ ಫೋನ್ ಮಾಡುವುದು, ಕಟ್ಟಾಗುವುದು, ಮತ್ತೆ ಮಾಡುವುದು. ಅವನು ರಾತ್ರಿ ಒಂಬತ್ತಕ್ಕೆ ನಡೆದುಕೊಂಡೇ ಮನೆಗೆ ಬಂದ, ಕ್ರೀಡಾಂಗಣದ ಹತ್ತಿರಕ್ಕೂ ಹೋಗಲಾಗಿರಲಿಲ್ಲವಂತೆ. ಹೋಗಲು ಸಾಧ್ಯವಾದವರಲ್ಲಿ ಹನ್ನೊಂದು ಮಂದಿ ಗೇಟುಗಳ ಬಳಿ ಕಾಲ್ತುಳಿತದಲ್ಲಿ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು.

ಯಾರ ಹೊಣೆ ಎಷ್ಟು ಎಂಬುದನ್ನು ತೀರ್ಮಾನಿಸುವವರು ಬೇರೆ ಇದ್ದಾರೆ. ನಾನು ಆ ಸಾಲಿನ ಓದುಗನಾಗಿ ಒಂದೇ ಮಾತು ಹೇಳಬಲ್ಲೆ. ಸೋತ ಹದಿನೇಳು ವರ್ಷವೂ ಅವಮಾನದಲ್ಲಿ ನಮಗೆ ಪೂರ್ತಿ ಪಾಲಿತ್ತು. ಅದಕ್ಕೆ ಯಾರೂ ಟಿಕೆಟ್ ಕೇಳಿರಲಿಲ್ಲ. ಗೆದ್ದ ದಿನ ಮಾತ್ರ ಗೇಟು ಅಡ್ಡ ಬಂತು. ಕಪ್ ಒಳಗಿತ್ತು, ‘ನಮ್ದೇ’ ಹೊರಗಿತ್ತು.

ಆ ರಾತ್ರಿ ಅಕ್ಕನ ಮಗ ಊಟ ಬಿಟ್ಟು ಮಲಗಿದ. ಟೀವಿಯಲ್ಲಿ ಒಂದೊಂದಾಗಿ ಹೆಸರು, ವಯಸ್ಸು, ಊರು ಬರುತ್ತಿತ್ತು. ಸತ್ತವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತ, ಯಾರಿಗೆಂದಿಲ್ಲದೆ, ‘ನಮ್ಮ ಹುಡುಗ್ರು’ ಎಂದರು. ಐವತ್ತು ವರ್ಷದಿಂದ ಅವರ ಬಾಯಲ್ಲಿ ಕೇಳಿದ್ದ ಆ ಮಾತು ಆಟಗಾರರಲ್ಲದವರಿಗೆ ಸಂದದ್ದು ಅದೇ ಮೊದಲು.