ಬೀಸುಕಲ್ಲಿನ ಮುಂದೆ

ಕಳೆದ ದಸರಾ ರಜೆಯಲ್ಲಿ ಒಂದು ಡಬ್ಬಿ ಪುಳಿಯೋಗರೆ, ಒಂದು ಡಬ್ಬಿ ಮೊಸರನ್ನ ಕಟ್ಟಿಕೊಂಡು ಬನಶಂಕರಿಯಿಂದ ಜಾನಪದ ಲೋಕಕ್ಕೆ ಹೊರಟೆವು. ನಾನು, ನಮ್ಮವರು, ಎಂಬತ್ತು ದಾಟಿದ ಅತ್ತೆ, ಮೈದುನನ ಮಕ್ಕಳಿಬ್ಬರು. ಮೈಸೂರು ರಸ್ತೆಯಲ್ಲಿ ರಾಮನಗರ ದಾಟಿದರೆ ಸಿಗುವ ಈ ಜಾಗಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ನಾನು ಹಲವು ಸಲ ಹೋದವಳೇ. ಅತ್ತೆಯ ಜೊತೆ ಹೋದದ್ದು ಮಾತ್ರ ಇದೇ ಮೊದಲು.

ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಅದರ ಫಲವಾಗಿ 1994ರಲ್ಲಿ 15 ಎಕರೆಯ ಈ ಲೋಕ ತೆರೆಯಿತು. ಅಲ್ಲಿಯವರೆಗೆ ವಸ್ತುಸಂಗ್ರಹಾಲಯ ಎಂದರೆ ರಾಜರ ಕತ್ತಿ, ರಾಣಿಯರ ಒಡವೆ ಎಂದು ತಿಳಿದಿದ್ದ ನಮಗೆ, ಮೊರ, ಒನಕೆ, ಕಡೆಗೋಲುಗಳನ್ನೂ ಕಾಪಿಡಬೇಕು ಎಂದು ತೋರಿಸಿಕೊಟ್ಟವರು ಅವರು. ಅಡುಗೆಮನೆಯ ಸಾಮಾನು ಇಟ್ಟಿರುವ ಕಟ್ಟಡಕ್ಕೆ ಲೋಕಮಾತಾ ಮಂದಿರ ಎಂಬ ಹೆಸರು. ಇದು ಸಣ್ಣ ಗೌರವವಲ್ಲ.

ಆ ಮಂದಿರದಿಂದ ಹೊರಗೆ ಬಂದ ಮೇಲೆ ಮಕ್ಕಳು ಬೀಸುಕಲ್ಲಿನ ಮಾತು ತೆಗೆದರು. ನಾನು ಅಭ್ಯಾಸಬಲದಿಂದ ಪಾಠ ಶುರುಮಾಡಿದೆ. ನಮ್ಮ ಹೆಂಗಸರು ನಸುಕಿನಲ್ಲೇ ಎದ್ದು ಹಾಡುತ್ತ ರಾಗಿ ಬೀಸುತ್ತಿದ್ದರು, ದುಡಿಮೆಯಲ್ಲೇ ಸುಖ ಕಂಡವರು, ಎಂದೆಲ್ಲ. ಅತ್ತೆ ಕಲ್ಲುಬೆಂಚಿನ ಮೇಲೆ ಕೂತು ಕೇಳಿಸಿಕೊಂಡರು. ಆಮೇಲೆ ನಮ್ಮವರ ಕಡೆ ಕೈ ತೋರಿಸಿ, "ಇವನು ಹೊಟ್ಟೇಲಿದ್ದಾಗ ಒಂಬತ್ತು ತಿಂಗಳು ತುಂಬಿದ ಮೇಲೂ ಬೀಸಿದೀನಿ ಕಣಮ್ಮ. ಅವತ್ತು ಯಾರೂ ಬಂದು ನೋಡಲಿಲ್ಲ" ಎಂದರು.

ಬೀಸುವ ಪದ ಯಾಕೆ ಹಾಡುತ್ತಿದ್ದಿರಿ ಎಂದು ದೊಡ್ಡ ಹುಡುಗಿ ಕೇಳಿದಳು. "ನಿದ್ದೆ ಬರಬಾರದು ಅಂತ. ಮತ್ತೆ, ಹಾಡಿನಲ್ಲಾದರೆ ಅತ್ತೆ ಮೇಲೆ ಹೇಳಿದರೂ ಯಾರೂ ಬಯ್ಯೋ ಹಾಗಿಲ್ಲ." ಎಲ್ಲರೂ ನಕ್ಕೆವು. ನನಗೆ ಮಾತ್ರ ಒಳಗೆ ಚುರುಕ್ ಎಂದಿತು. ಮೂವತ್ತು ವರ್ಷ 'ದುಡಿಮೆಯ ಸುಖ' ಎಂದು ಬರೆದ ಉತ್ತರಗಳಿಗೆ ಅಂಕ ಕೊಟ್ಟವಳು ನಾನು. ಅದೇ ಮೂವತ್ತು ವರ್ಷ ಅವರ ಜೊತೆ ಒಂದೇ ಮನೆಯಲ್ಲಿದ್ದೂ ಒಮ್ಮೆಯೂ ಕೇಳಿರಲಿಲ್ಲ.

ಮತ್ತೆ ಕಟ್ಟಿದ ಹಳ್ಳಿಗಳ ಸೊಗಸೂ ಮಿತಿಯೂ ಇಲ್ಲೇ ಇವೆ ಎಂದು ನನಗೆ ಕಾಣುತ್ತದೆ. ವಸ್ತುವನ್ನು ಉಳಿಸಬಹುದು, ಅದರ ಭಾರವನ್ನು ಉಳಿಸುವುದು ಕಷ್ಟ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಆಳೆತ್ತರದ ಸಿಮೆಂಟ್ ಪ್ರತಿಮೆಗಳು ಕೆಲಸದಲ್ಲಿ ತೊಡಗಿವೆ. ಅಲ್ಲಿ ದುಡಿಮೆಯ ಭಂಗಿ ಕಾಣುತ್ತದೆ, ಆದರೆ ಸಿಮೆಂಟಿಗೆ ಸೊಂಟ ನೋಯುವುದಿಲ್ಲ. ಜಾನಪದ ಲೋಕದ ಆಯಗಾರ ಮಾಳದಲ್ಲಿ ಕುಂಬಾರ, ಕಮ್ಮಾರರಂಥ ಕಸುಬಿನವರ ಸಲಕರಣೆಗಳು ಒಂದೇ ಕಡೆ ಇವೆ. ನಿಜವಾದ ಊರಿನಲ್ಲಿ ಎಲ್ಲರೂ ಹೀಗೆ ಒಂದೇ ಕಡೆ ಇರಲಿಲ್ಲ. ಕೇರಿ ಬೇರೆ, ನೀರು ಸೇದುವ ಬಾವಿ ಬೇರೆ. ಇದನ್ನು ಯಾವ ಸಂಗ್ರಹಾಲಯವೂ ಕಪಾಟಿನಲ್ಲಿಟ್ಟು ತೋರಿಸಲಾರದು. ಜೊತೆಗೆ ಹೋದ ದೊಡ್ಡವರು ಬಾಯಿಬಿಟ್ಟು ಹೇಳಬೇಕು. ನಾವು ಹೇಳದೆ "ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು" ಎಂದು ಮನೆಗೆ ಬಂದರೆ ತಪ್ಪು ನಮ್ಮದು.

ಶಿಲ್ಪಮಾಳದ ವೀರಗಲ್ಲುಗಳ ನಡುವೆ ಚಿಕ್ಕವನು, "ಸಾವಿರ ವರ್ಷದ ಹಿಂದೆ ನಮ್ಮ ಬೆಂಗಳೂರು ಇತ್ತಾ?" ಎಂದ. ಇತ್ತು. ನಮ್ಮ ಬಿ.ಟಿ.ಎಂ. ಲೇಔಟಿಗೆ ಅಷ್ಟೇನೂ ದೂರವಲ್ಲದ ಬೇಗೂರಿನ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ. ಅದರಲ್ಲಿ 'ಬೆಂಗಳೂರು' ಕಾಳಗದ ಹೆಸರಿದೆ. ಬೇಗೂರಿನ ನಾಗತ್ತರನ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಕಾಲದ ಹಳ್ಳಿ ನಮ್ಮ ಸೈಟುಗಳ ಕೆಳಗೇ ಇದೆ.

ಆದರೆ ಆ ಕಲ್ಲುಗಳಲ್ಲಿ ಇರುವವರು ಕಾದಿ ಸತ್ತ ಗಂಡಸರು. ಅವರಿಗೆ ಹಿಟ್ಟು ಬೀಸಿಕೊಟ್ಟವರ ಹೆಸರನ್ನು ಯಾರೂ ಕೆತ್ತಿಸಲಿಲ್ಲ. ಗಂಡನ ಹಿಂದೆ ಸತ್ತವಳಿಗೆ ಮಾಸ್ತಿಗಲ್ಲು ನೆಟ್ಟರು. ಅದರಲ್ಲಿ ಬಳೆ ತೊಟ್ಟ ತೋಳೊಂದು ಮೇಲೆತ್ತಿರುತ್ತದೆ. ಸತ್ತ ತೋಳಿಗೆ ಪೂಜೆ. ಬದುಕಿ ದಿನಾ ಬೀಸಿದ ತೋಳಿಗೆ ಉಳಿದದ್ದು ಬೀಸುಕಲ್ಲು ಒಂದೇ. ಆ ಕಲ್ಲನ್ನು ಎಸೆಯದೆ ಉಳಿಸಿಕೊಟ್ಟ ನಾಗೇಗೌಡರಿಗೆ ಅದಕ್ಕೇ ನಾನು ಋಣಿ.

ಜಾನಪದ ಲೋಕಕ್ಕೆ ಹೋಗಿ ಬನ್ನಿ. ಹೋಗುವಾಗ ಮನೆಯ ಹಿರಿಯ ಹೆಂಗಸನ್ನು ಕರೆದುಕೊಂಡು ಹೋಗಿ, ಕೂರಲು ನೆರಳು ಹುಡುಕಿಕೊಡಿ. ವಿವರಣೆಯನ್ನು ನೀವು ಶುರುಮಾಡಬೇಡಿ.

ವಾಪಸು ಬರುವಾಗ ಅತ್ತೆ ಕಾರಿನಲ್ಲಿ ನಿದ್ದೆ ಹೋದರು. ಅವರ ಬಲಗೈ ನನ್ನ ತೊಡೆಯ ಮೇಲಿತ್ತು. ಅಂಗೈ ಇನ್ನೂ ಒರಟು.