ಬೀಪ್ ಸದ್ದು ಚುರುಕಾದಾಗ
ಬ್ರಿಟನ್ನಿನ ಇಂಟ್ರೊವರ್ಷನ್ ಸಾಫ್ಟ್‌ವೇರ್ 2001ರಲ್ಲಿ ತಂದ ‘ಅಪ್‌ಲಿಂಕ್’ ಎಂಬ ಹ್ಯಾಕಿಂಗ್ ಆಟದಲ್ಲಿ ಬಂದೂಕಿಲ್ಲ, ಓಟವಿಲ್ಲ. ಇರುವುದು ನೀಲಿ ಛಾಯೆಯ ಪರದೆ, ಒಂದು ವಿಶ್ವಭೂಪಟ. ಗುರಿಯ ಕಂಪ್ಯೂಟರಿಗೆ ನೇರ ನುಗ್ಗಿದರೆ ಕೆಟ್ಟಿರಿ. ಸರ್ವರ್‌ನಿಂದ ಸರ್ವರ್‌ಗೆ ಗೆರೆ ಎಳೆಯುತ್ತ ಸುತ್ತುಬಳಸಿ ಹೋಗಬೇಕು. ಪಾಸ್‌ವರ್ಡ್ ಒಡೆಯುವ ತಂತ್ರಾಂಶ ಅಕ್ಷರಗಳನ್ನು ಗಿರಗಿರ ತಿರುಗಿಸಿ ಒಂದೊಂದಾಗಿ ನಿಲ್ಲಿಸುತ್ತದೆ. ಅತ್ತ ಜಾಡು ಹಿಡಿದವರು ಹತ್ತಿರವಾದಂತೆ ಬೀಪ್ ಸದ್ದು ಚುರುಕಾಗುತ್ತದೆ. ಕಡತ ನಕಲಾಗಲು ಇನ್ನೂ ಸ್ವಲ್ಪ ಬಾಕಿ. ಸಂಪರ್ಕ ಕಡಿಯುವುದೋ, ಕಾಯುವುದೋ? ಆ ಚಡಪಡಿಕೆಯೇ ಆಟದ ಜೀವಾಳ. ನಿಜವಾದ ಹ್ಯಾಕಿಂಗ್ ಹೀಗಿರುವುದಿಲ್ಲ ಬಿಡಿ. ಇದು ಸಿನಿಮಾದವರು ಕಂಡ ಹ್ಯಾಕಿಂಗ್, ನನಗೆ ಅದೇ ಇಷ್ಟ. ತಪ್ಪಿಸಿಕೊಂಡೆ ಎಂದು ಬೀಗುವಂತೆಯೂ ಇಲ್ಲ. ದಾರಿಯ ಸರ್ವರ್‌ನಲ್ಲಿ ಉಳಿದ ಲಾಗ್ ಅಳಿಸಲು ಮರೆತರೆ, ಆಮೇಲೆ ನಿಶ್ಚಿಂತೆಯಿಂದ ಕೂತಿದ್ದಾಗ ಸಿಕ್ಕಿಬೀಳುತ್ತೀರಿ. ಹಳೆಯ ಸೇವ್ ತೆರೆದು ಪಾರಾಗುವಂತಿಲ್ಲ. ಹೊಸ ಹೆಸರಿನಲ್ಲಿ ಮತ್ತೆ ಮೊದಲಿಂದ.