63ರ ಗಡುವು

ಮುಂಬಯಿಯ ಬೈಕುಲ್ಲಾದ ಹಳೆಯ ಕಟ್ಟಡಗಳ ಅಡುಗೆಮನೆಯಲ್ಲಿ ನೇತಾಡುವ ಕಾಲನಿರ್ಣಯ ಕ್ಯಾಲೆಂಡರಿಗೆ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ, ಸಂಕಷ್ಟಿಯ ಉಪವಾಸ ಇವೆಲ್ಲದರ ಜೊತೆಗೆ ಈಗ ನಾಯಿಯ ಬಸಿರಿನ ಲೆಕ್ಕವೂ ಸೇರಿದೆ. ಕ್ರಾಸ್ ಮಾಡಿಸಿದ ದಿನಕ್ಕೊಂದು ಸುತ್ತು, ಅಲ್ಲಿಂದ 63 ಎಣಿಸಿ ಇನ್ನೊಂದು ಸುತ್ತು. ಎರಡನೆಯ ಸುತ್ತು ದಾಟಿ ಬೆಳಗಾಯಿತೆಂದರೆ "ದಿನ ಮೀರಿತು" ಎಂದು ಮನೆಯೆಲ್ಲ ಗಾಬರಿ. ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತ ಚಪಾತಿ ಕೇಳುತ್ತಿರುತ್ತದೆ.

63 ಎಂಬ ಅಂಕಿಯೇನೂ ಸುಳ್ಳಲ್ಲ. ಎಣಿಕೆ ಶುರುಮಾಡುವ ಜಾಗ ತಪ್ಪು. ಅಂಡ ಬಿಡುಗಡೆಯಾದ ದಿನದಿಂದ ಎಣಿಸಿದರೆ ಒಂದೆರಡು ದಿನ ಆಚೀಚೆಯಾಗಿ 63ಕ್ಕೇ ಬಂದು ನಿಲ್ಲುತ್ತದೆ. ಆದರೆ ಕ್ರಾಸ್ ಆದ ದಿನವೇ ಅಂಡ ಬಿಡುಗಡೆಯಾಗಿರಬೇಕೆಂದೇನಿಲ್ಲ. ಗಂಡಿನ ವೀರ್ಯ ಹೆಣ್ಣಿನ ಮೈಯಲ್ಲಿ ವಾರದವರೆಗೂ ಜೀವ ಹಿಡಿದಿರಬಲ್ಲದು. ಬಿಡುಗಡೆಯಾದ ಅಂಡಕ್ಕೋ ಪಕ್ವವಾಗಲು ಇನ್ನೂ ಎರಡು ದಿನ ಬೇಕು. ಹಾಗಾಗಿ ಕ್ರಾಸ್ ದಿನದಿಂದ ಎಣಿಸಿದರೆ ಹೆರಿಗೆ 57ನೆಯ ದಿನವೂ ಆಗಬಹುದು, 72ನೆಯ ದಿನವೂ ಆಗಬಹುದು. ಒಂದು ದಿನ ಬಿಟ್ಟು ಎರಡು ಸಲ ಕ್ರಾಸ್ ಮಾಡಿಸುವ ರೂಢಿ ಬೇರೆ ಇದೆ; ಸುತ್ತು ಯಾವ ದಿನಕ್ಕೆ ಹಾಕಬೇಕು? ಇದೇ ಬೈಕುಲ್ಲಾದ ರಾಣಿಬಾಗ್ ಮೃಗಾಲಯದಲ್ಲಿ 2018ರ ಆಗಸ್ಟ್ 15ರಂದು ಪೆಂಗ್ವಿನ್ ಮರಿ ಮೊಟ್ಟೆಯೊಡೆದು ಬಂದಾಗ ಲೆಕ್ಕ ತಪ್ಪಿರಲಿಲ್ಲ, ಸುಮಾರು 40 ದಿನ. ಅಲ್ಲಿ ಮೊಟ್ಟೆಯಿಟ್ಟ ದಿನವನ್ನು ಕಣ್ಣಾರೆ ಕಂಡಿದ್ದರು. ನಾಯಿಯ ಹೊಟ್ಟೆಯೊಳಗೆ ಯಾರು ಕಂಡಿದ್ದಾರೆ?

ಹಾಗಿದ್ದೂ ಎಲ್ಲರೂ ಆ ತಾರೀಖನ್ನೇ ಹಿಡಿದು ಕೂರುವುದೇಕೆ? ನನಗೆ ಕಾಣುವಂತೆ ಅದು ವ್ಯವಹಾರದ ತಾರೀಖು. ಗಂಡುನಾಯಿಯ ಯಜಮಾನನಿಗೆ ದುಡ್ಡೋ ಒಂದು ಮರಿಯೋ ಸಲ್ಲಬೇಕಾದದ್ದು ಆ ದಿನದ ಲೆಕ್ಕದಲ್ಲಿ. ಅದನ್ನೇ ತಂದು ಹೆರಿಗೆಯ ಗಡುವು ಮಾಡಿಕೊಂಡಿದ್ದೇವೆ. ಭಾಜಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಬೀದಿನಾಯಿಗೆ ಈ ಕಷ್ಟವಿಲ್ಲ. ಅದರ ತಾರೀಖು ಯಾರಿಗೂ ಗೊತ್ತಿಲ್ಲದ್ದರಿಂದ, ಅನ್ನ ಹಾಕುವವರು ಅದರ ಮೊಲೆ, ನಡಿಗೆ, ಊಟವನ್ನೇ ನೋಡುತ್ತಾರೆ. ಅರಿಯದೆಯೇ ಅವರು ಹಿಡಿದಿರುವ ದಾರಿ ಸರಿಯಾದದ್ದು.

ಮನೆಯವರಿಗೆ ಅದಕ್ಕಿಂತ ಒಳ್ಳೆಯ ಸಾಧನವೊಂದು ಕೈಯಲ್ಲೇ ಇದೆ, ಥರ್ಮಾಮೀಟರು. ಕೊನೆಯ ವಾರ ದಿನಕ್ಕೆ ಎರಡು ಮೂರು ಸಲ ಗುದದಲ್ಲಿ ಜ್ವರ ನೋಡಿದಂತೆ ನೋಡಬೇಕು. 101 ಡಿಗ್ರಿಯ ಆಸುಪಾಸಿನಲ್ಲಿದ್ದದ್ದು 99ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ನೋವು ಶುರು. ಒಂದೇ ಸಲ ನೋಡಿದರೆ ಪ್ರಯೋಜನವಿಲ್ಲ. ಇಳಿದದ್ದು ರಾತ್ರಿ ಮತ್ತೆ ಏರಿಬಿಟ್ಟಿರಬಹುದು. ಹೊಟ್ಟೆಯಲ್ಲಿ ಒಂದೇ ಮರಿ ಇದ್ದರೆ ಈ ಉಪಾಯವೂ ಕೈಕೊಡಬಹುದು. ಹೆರಿಗೆಗೆ ಕರೆ ಕೊಡುವುದು ಮರಿಗಳ ಮೈಯಿಂದ ಹೊರಡುವ ಹಾರ್ಮೋನು. ಒಂಟಿ ಮರಿಯ ಕರೆ ತಾಯಿಗೆ ಕೇಳಿಸುವಷ್ಟು ಜೋರಾಗಿರದಿದ್ದರೆ ದಿನ ನಿಜಕ್ಕೂ ಮೀರುತ್ತದೆ.

ಗಾಬರಿಯ ಮುಂದಿನ ಹೆಜ್ಜೆಯೇ ಅತಿ ಕೆಟ್ಟದ್ದು: "ಒಂದು ಇಂಜೆಕ್ಷನ್ ಹಾಕಿಸಿಬಿಡಿ" ಎಂಬ ಸಲಹೆ. ತಬೇಲಾಗಳಲ್ಲಿ ಎಮ್ಮೆ ಸೊರೆಬಿಡಲೆಂದು ಚುಚ್ಚುವ ಅದೇ ಆಕ್ಸಿಟೋಸಿನ್. ಗರ್ಭಕೋಶದ ಬಾಯಿ ತೆರೆಯುವ ಮೊದಲೇ, ಅಥವಾ ಮರಿ ಅಡ್ಡ ಸಿಕ್ಕಿಕೊಂಡಿರುವಾಗ ಅದನ್ನು ಕೊಟ್ಟರೆ ಗರ್ಭಕೋಶ ಹರಿಯಬಹುದು. ಬಿಗಿ ಹಿಡಿದ ಗರ್ಭಕೋಶದೊಳಗೆ ರಕ್ತ ಸಿಗದೆ ಮರಿಗಳು ಸಾಯಬಹುದು. ಹೊಟ್ಟೆಯ ಚಿತ್ರ ನೋಡದೆ ಇದನ್ನು ಚುಚ್ಚುವವರನ್ನು ವೈದ್ಯರೆನ್ನಲು ನನಗೆ ಮನಸ್ಸಿಲ್ಲ.

ಇದರ ಎದುರು ತುದಿಯಲ್ಲಿ ಊರಿನ ಅಜ್ಜಿಯಂದಿರ ಮಾತಿದೆ: "ಅದಕ್ಕೆ ಗೊತ್ತು, ಬಿಡು." ಕೊಟ್ಟಿಗೆಯ ಮೂಲೆ ಹುಡುಕಿಕೊಂಡು ತಾನೇ ಮರಿ ಹಾಕುತ್ತಿದ್ದ ನಾಟಿನಾಯಿಯ ಮಟ್ಟಿಗೆ ಆ ಮಾತು ಬಹುಪಾಲು ಸರಿ. ಮೊಬೈಲ್ ಜಾಹೀರಾತು ಮನೆಮನೆಗೆ ತಂದುಬಿಟ್ಟ ಪಗ್‌ಗೆ ಸಲ್ಲದು. ಅದರ ಮರಿಯ ತಲೆ ದೊಡ್ಡದು, ತಾಯಿಯ ಕಟಿ ಕಿರಿದು. ಇಲ್ಲಿ ಅಜ್ಜಿಯ ನಂಬಿಕೆಯೂ ಕ್ಯಾಲೆಂಡರಿನಷ್ಟೇ ಕುರುಡು.

65 ದಾಟಿಯೂ ಸುಳಿವಿಲ್ಲದಿದ್ದರೆ ಆಗಬೇಕಾದದ್ದು ಸ್ಕ್ಯಾನ್. ಮರಿಗಳ ಎದೆಬಡಿತ ನಿಮಿಷಕ್ಕೆ 200ರ ಮೇಲಿದ್ದರೆ ಕಾಯಬಹುದು. 180ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಕಾಯುವುದು ಅಪಾಯ. ಎಕ್ಸ್‌ರೇಯಲ್ಲಿ ಮರಿಗಳ ಎಣಿಕೆಯೂ ಸಿಗುತ್ತದೆ, ಒಳಗೆ ಇನ್ನೊಂದು ಉಳಿದಿದೆಯೋ ಎಂಬ ಅನುಮಾನ ಆಗ ಬಾಧಿಸದು. ಯಾವ ದಿನವೇ ಆಗಲಿ, ಮೊದಲ ಮರಿ ಬರುವ ಮುಂಚೆ ಹಾಸಿದ ಬಟ್ಟೆಯ ಮೇಲೆ ಕಡುಹಸಿರು ಕಲೆ ಬಿದ್ದಿತೆಂದರೆ ಮಾಸು ಬಿಟ್ಟುಕೊಂಡಿದೆ ಎಂದರ್ಥ. ಅರ್ಧ ಗಂಟೆ ಬಲವಾಗಿ ತಿಣುಕಿಯೂ ಮರಿ ಬಾರದಿದ್ದರೂ ಹಾಗೆಯೇ, ಟ್ಯಾಕ್ಸಿ ಹಿಡಿಯಬೇಕಾದ ಹೊತ್ತು.

ದೂರದ ನೆಪ ಬೈಕುಲ್ಲಾದವರಿಗೆ ಒಪ್ಪದು. ಮೂರು ಸ್ಟೇಷನ್ ಆಚೆ ಪರೇಲಿನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಿದೆ. 1886ರಲ್ಲಿ ಶುರುವಾದ ಪಶುವೈದ್ಯ ಕಾಲೇಜೂ ಅಲ್ಲೇ ಇದೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನ ಆಸ್ಪತ್ರೆಯೂ ತೆರೆಯಿತು. ಬೆದೆಯ ದಿನಗಳಲ್ಲೇ ಎರಡು ಮೂರು ಸಲ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಮಾಡಿಸಿದರೆ ಅಂಡ ಬಿಡುಗಡೆಯ ದಿನವೂ ಗೊತ್ತಾಗುತ್ತದೆ. ಆದರೆ ಮರಿಯೊಂದಕ್ಕೆ ಸಾವಿರಗಟ್ಟಲೆ ಬೆಲೆ ಕಟ್ಟುವವರು ಆ ಪರೀಕ್ಷೆಯ ಖರ್ಚು ಕೇಳಿದೊಡನೆ ಅದು ದುಬಾರಿಯಾಯಿತು ಎನ್ನುತ್ತಾರೆ.